ಹದಿನೆಂಟು ಕಂಬಳಿಗಳ ಕತ್ತಲೆ

ಎಂಟು ದಿನಗಳ ಹಿಂದೆ ಅದು ಹೆಬ್ಬೆಟ್ಟಿನ ಗುರುತಿನಷ್ಟಿತ್ತು. ಒಂಬತ್ತನೆಯ ದಿನ ಬೆಳಗ್ಗೆ ಶ್ರೀನಾಥನು ಕಾರ್ಯದರ್ಶಿಗಳ ಕೋಣೆಯ ಬಾಗಿಲು ತೆರೆದಾಗ, ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಗಾಜಿನ ಮೀನುತೊಟ್ಟಿಯ ತಳ, ಕಲ್ಲು, ಗಿಡ ಎಲ್ಲವನ್ನೂ ಅದು ಮುಚ್ಚಿಕೊಂಡಿತ್ತು. ಬಣ್ಣ ನೀಲಿಯೂ ಅಲ್ಲ, ಹಸಿರೂ ಅಲ್ಲ; ಎರಡೂ ಕೂಡಿ ಕೊಳೆತಂತೆ. ಲೋಳೆಯ ಹಚ್ಚಡ ಹೊದ್ದು ಮಲಗಿದ ಗಿಡಗಳ ಮೇಲೆ ಹನ್ನೊಂದು ಕೆಂಬಾಲದ ಮೀನುಗಳು, ಬಸ್ಸು ತಪ್ಪಿದ ಪ್ರಯಾಣಿಕರಂತೆ ಗುಂಪುಗೂಡಿ ನಿಂತಿದ್ದವು.

ಬಸ್ಸು ತಪ್ಪಿದವರ ಮುಖ ಶ್ರೀನಾಥನಿಗೆ ಚೆನ್ನಾಗಿ ಗೊತ್ತಿತ್ತು. ಅವನು ಸೊರಬದ ಹೊಸತೆನೆ ಭತ್ತ ಬೆಳೆಗಾರರ ಸಂಘದಲ್ಲಿ ಗುಮಾಸ್ತ; ಮನೆ ಶಿಕಾರಿಪುರದಲ್ಲಿ. ಬೆಳಗ್ಗೆ ಶಿರಾಳಕೊಪ್ಪದಲ್ಲಿ ಬದಲಿಸಿ ಎರಡು ಬಸ್ಸು, ಎರಡು ಗಂಟೆ. ಸಂಜೆ ಎರಡು ಬಸ್ಸು, ಎರಡು ಗಂಟೆ. ವರ್ಷಕ್ಕೆ ಮುನ್ನೂರು ದಿನದಂತೆ ಆರು ವರ್ಷಕ್ಕೆ ಏಳು ಸಾವಿರದ ಇನ್ನೂರು ಗಂಟೆ. ಇಪ್ಪತ್ತನಾಲ್ಕರಿಂದ ಭಾಗಿಸಿದರೆ ಶೇಷವಿಲ್ಲದೆ ಮುನ್ನೂರು ದಿನ. ಅಷ್ಟು ಹಗಲು, ಅಷ್ಟು ರಾತ್ರಿ ಅವನು ಬಸ್ಸಿನಲ್ಲೇ ಬದುಕಿದ್ದ. ಈಗ ಸಂಘವು ಶಿಕಾರಿಪುರದಲ್ಲಿ ಹೊಸ ಶಾಖೆ ತೆರೆಯುವುದಿತ್ತು. ಅಲ್ಲಿಗೆ ವರ್ಗವಾದರೆ ಮನೆಯಿಂದ ಏಳು ನಿಮಿಷದ ನಡಿಗೆ. ವರ್ಗದ ಕಾಗದಕ್ಕೆ ಕಾರ್ಯದರ್ಶಿ ಉಜ್ಜಪ್ಪನವರ ಸಹಿಯೊಂದೇ ಬಾಕಿ.

ಉಜ್ಜಪ್ಪನವರು ಮಿತಭಾಷಿ. ಪರ ಊರಿಗೆ ಹೊರಡುವಾಗ ತೊಟ್ಟಿಯನ್ನು ಶ್ರೀನಾಥನ ವಶಕ್ಕೆ ಕೊಟ್ಟು, ಗಾಜಿನ ಮೇಲೆ ಒಂದು ಚೀಟಿ ಅಂಟಿಸಿದ್ದರು. ಅದರಲ್ಲಿ ನಾಲ್ಕೇ ಸಾಲು. ದೀಪವು ದಿನವೂ ಹನ್ನೆರಡು ಗಂಟೆ ಉರಿಯಲಿ. ನೀರು ಕಲಕುವ ಮೋಟರು ಹಾಕಬೇಡ. ಪೊಟ್ಟಣದ ಬೂದುಪುಡಿ ಎರಡು ದಿನಕ್ಕೊಮ್ಮೆ ಚಿಟಿಕೆ. ಕೈ ಹಾಕಬೇಡ.

ಶ್ರೀನಾಥನು ನಾಲ್ಕನ್ನೂ ಪಾಲಿಸಿದ್ದ. ಫಲ ಕಣ್ಣೆದುರಿಗಿತ್ತು.

"ಅಯ್ಯೋ ಮಾರಾಯ್ರೆ, ಕೆರೆ ಬತ್ತಿದ ವಾಸನೆ ಬರ್ತದಲ್ಲ!" ಕಸ ಗುಡಿಸಲು ಬಂದ ವರದಮ್ಮ ಸೆರಗನ್ನು ಮೂಗಿಗೆ ಹಿಡಿದಳು. ಇಪ್ಪತ್ತು ವರ್ಷಗಳಿಂದ ಸಂಘವನ್ನು ಗುಡಿಸುತ್ತಿದ್ದವಳು. ಕಾರ್ಯದರ್ಶಿಗಳು ಬದಲಾಗಿದ್ದರು, ಪೊರಕೆ ಬದಲಾಗಿರಲಿಲ್ಲ. "ಶ್ರೀನಾಥಣ್ಣ, ನಿಮ್ಮ ಕೈಗೆ ಕೊಟ್ಟಾಗ ಕನ್ನಡಿ ಹಂಗಿತ್ತು. ಈಗ ಸಾಹೇಬ್ರು ಬಂದು ನೋಡಿದ್ರೆ ಎಂತ ಹೇಳ್ತೀರಿ?"

ಅದೇ ಹೊತ್ತಿಗೆ ಸಾಹೇಬರ ಫೋನು ಬಂತು.

"ಶ್ರೀನಾಥ, ಸಂಜಿ ಐದಕ್ಕೆ ಬರ್ತೀನಿ. ಜೊತಿಗೆ ಇಬ್ರು ದೊಡ್ಡೋರು ಇರ್ತಾರೆ. ತೊಟ್ಟಿ ಹೆಂಗೈತಿ?"

"ಚೆನ್ನಾಗಿದೆ ಸಾರ್."

"ನಾ ಬರೆದಂಗೆ ಮಾಡೀಯಿಲ್ಲೋ?"

"ಒಂದಕ್ಷರ ಬಿಟ್ಟಿಲ್ಲ ಸಾರ್."

"ಹಂಗಾದ್ರೆ ಸರಿ. ನಿನ್ನ ಶಿಕಾರಿಪುರದ ಕಾಗದ ನನ್ ಕಿಸೆದಾಗೈತಿ. ತೊಟ್ಟಿ ಮುಂದೆ ನಿಂತ್ಕಂಡೇ ಸಹಿ ಹಾಕ್ತೀನಿ."

ಫೋನು ಕಟ್ಟಾಯಿತು. ಸಮಯ ಹತ್ತು ಗಂಟೆ. ಉಳಿದದ್ದು ಏಳು ಗಂಟೆ.

ಇನ್ನೊಬ್ಬನಾಗಿದ್ದರೆ ತಲೆಯ ಮೇಲೆ ಕೈ ಹೊತ್ತು ಕುಳಿತುಕೊಳ್ಳುತ್ತಿದ್ದ. ಶ್ರೀನಾಥ ಕುಳಿತುಕೊಳ್ಳಲಿಲ್ಲ. ಅವನಿಗೆ ತ್ರೈರಾಶಿ ಗೊತ್ತಿತ್ತು. ಒಬ್ಬನು ಮೂರು ದಿನದಲ್ಲಿ ಮಾಡುವ ಕೆಲಸವನ್ನು ಮೂವರು ಒಂದು ದಿನದಲ್ಲಿ ಮಾಡುತ್ತಾರೆ. ಇದನ್ನು ಅವನು ಏಳನೆಯ ತರಗತಿಯಲ್ಲಿ ಕಲಿತಿದ್ದ. ಆಮೇಲೆ ಬೇರೇನನ್ನೂ ಕಲಿಯುವ ಅಗತ್ಯ ಕಂಡಿರಲಿಲ್ಲ. ಮೊಬೈಲನ್ನು ತೆರೆದು ಓದಿದ. ನೀಲಿ ಹಸಿರು ಪಾಚಿ ಎಂದು ಕರೆಯುವ ಇದು ನಿಜವಾದ ಪಾಚಿಯಲ್ಲ, ಬ್ಯಾಕ್ಟೀರಿಯಾದ ಜಾತಿ. ಹೆಚ್ಚು ಬೆಳಕು, ನಿಂತ ನೀರು ಇದಕ್ಕೆ ಪ್ರೀತಿ. ಪರಿಹಾರ ಮೂರು: ಕೈಯಿಂದ ಎತ್ತಿಹಾಕುವುದು, ಔಷಧಿ, ಮೂರು ದಿನಗಳ ಪೂರ್ಣ ಕತ್ತಲೆ.

ಓದಿ ಮುಗಿಸಿದ ಶ್ರೀನಾಥನಿಗೆ ಒಂದು ಸತ್ಯ ಸ್ಪಷ್ಟವಾಯಿತು. ಉಜ್ಜಪ್ಪನವರು ಭತ್ತದಲ್ಲಿ ಪಂಡಿತರಿರಬಹುದು, ಮೀನಿನಲ್ಲಿ ಸೊನ್ನೆ. ಏನೇನು ಮಾಡಬಾರದೋ ಅದನ್ನೆಲ್ಲ ಸಾಲಾಗಿ ಬರೆದಿಟ್ಟು ಹೋಗಿದ್ದಾರೆ. ಮೇಲಧಿಕಾರಿಯ ತಪ್ಪನ್ನು ಸದ್ದಿಲ್ಲದೆ ತಿದ್ದುವವನೇ ಒಳ್ಳೆಯ ಗುಮಾಸ್ತ ಎಂದುಕೊಂಡು ಅವನು ಅಂಗಿಯ ತೋಳು ಮಡಚಿದ.

ಮೊದಲು ಮೀನುಗಳನ್ನು ಒಂದೊಂದಾಗಿ ಚಹಾ ಸೋಸುವ ಜಾಲರಿಯಲ್ಲಿ ಹಿಡಿದು, ಮೂಲೆಯಲ್ಲಿದ್ದ ಕುಡಿಯುವ ನೀರಿನ ಮಣ್ಣಿನ ಗಡಿಗೆಗೆ ಬಿಟ್ಟ. ಗಡಿಗೆಯ ಬಾಯಿಗೆ ತಟ್ಟೆ ಮುಚ್ಚಿದ. ಬಳಿಕ ಮೊಣಕೈವರೆಗೆ ಕೈ ಇಳಿಸಿ ಲೋಳೆಯನ್ನು ಎತ್ತತೊಡಗಿದ. ಅದು ದೋಸೆಯಂತೆ ಹಾಳೆಹಾಳೆಯಾಗಿ ಬರುತ್ತಿತ್ತು. ದೋಸೆಯಂತೆಯೇ ಮೊದಲಿನವು ಹರಿಯುತ್ತಿದ್ದವು.

"ಅದನ್ನ ಎಲ್ಲಿ ಚೆಲ್ತೀರಿ ಗುಮಾಸ್ತರೇ?" ಎಂಬ ಮಾತು ಬಾಗಿಲಿನಿಂದ ಬಂತು. ಜಡೆ ಎಂಬ ಊರಿನ ಕರಿಯಣ್ಣ. ಸಂಘದ ಸದಸ್ಯ, ದಿನಪತ್ರಿಕೆ ಓದಲು ಪ್ರತಿದಿನ ಜಡೆಯಿಂದ ಮೋಟಾರ್ ಬೈಕಿನಲ್ಲಿ ಬರುವವನು. ಹಸಿಯಾದ ಯಾವ ವಸ್ತುವನ್ನೂ ಈ ಮನುಷ್ಯ ಕಸವೆಂದು ಒಪ್ಪುತ್ತಿರಲಿಲ್ಲ. ಸಂಘದ ಚಹಾ ಚರಟ, ಬಾಡಿದ ಹಾರ, ಬಾಳೆಹಣ್ಣಿನ ಸಿಪ್ಪೆ, ಎಲ್ಲವೂ ಅವನ ಗದ್ದೆಯ ಆಸ್ತಿ.

"ಎಲ್ಲಾದರೂ ಚೆಲ್ಲಿದರಾಯಿತು, ಕರಿಯಣ್ಣನವರೇ. ನಂಜು ಇದು."

"ನಂಜಲ್ಲ, ಗಿಂಜಲ್ಲ. ಇಲ್ಲಿ ಕೊಡಿ. ಬೇಸಗೆ ಭತ್ತಕ್ಕೆ ಸಸಿಮಡಿ ಮಾಡೀನಿ, ಅದಕ್ಕೆ ಸುರುವ್ತೀನಿ. ಆದ್ರೆ ಕೇಳಿ, ಕೈಯಾಗೆ ತೆಗದ್ರೆ ಈ ಪಾಚಿ ಹೋಗಾಕಿಲ್ಲ. ನಮ್ಮನೆ ಅಂಗಳದ್ದು ಹಂಗೇ ಮಾಡ್ತಿತ್ತು. ಅಡಿಕೆಗೆ ಹೊಡೆದು ಉಳ್ದ ಮೈಲುತುತ್ತ ಮನೆಲೈತೆ. ಒಂದು ಚಮಚ ಬಿದ್ರೆ ಅದರ ವಂಶ ಇರಲ್ಲ."

"ಮೈಲುತುತ್ತಕ್ಕೆ ಮೀನು ಸಾಯುತ್ತವೆ."

"ಪಾಚಿ ಸಾಯ್ಬೇಕು, ಮೀನು ಬದುಕ್ಬೇಕು ಅಂದ್ರೆ ಹ್ಯಾಂಗೆ? ಒಂದು ಬಿಡ್ಬೇಕು," ಎಂದು ತೀರ್ಪು ಹೇಳಿ ಕರಿಯಣ್ಣ ತುಂಬಿದ ಬಕೆಟ್ಟನ್ನು ಬೈಕಿಗೆ ನೇತುಹಾಕಿಕೊಂಡ. "ತಂದೇ ತರ್ತೀನಿ, ನೀವು ಬ್ಯಾಡ ಅಂದ್ರೂ," ಎಂದು ಜಡೆಯ ದಾರಿ ಹಿಡಿದ.

ಹನ್ನೆರಡು ಗಂಟೆಯ ಹೊತ್ತಿಗೆ ತೊಟ್ಟಿಯ ನೀರು ಕಾಣುವಂತಾಗಿತ್ತು. ಆದರೆ ಗಿಡಗಳ ಬುಡದಲ್ಲಿ, ಕಲ್ಲಿನ ಸಂದಿಯಲ್ಲಿ ಎಳೆಎಳೆಯಾಗಿ ಶತ್ರು ಉಳಿದಿದ್ದ. ಉಗುರಿನಷ್ಟು ಉಳಿದರೂ ಮರಳಿ ಬರುತ್ತದೆಂದು ಮೊಬೈಲು ಎಚ್ಚರಿಸಿತ್ತು. ಶ್ರೀನಾಥ ಕಾಗದದ ಮೇಲೆ ಲೆಕ್ಕ ಮಾಡಿದ. ಆರೂ ಮುಕ್ಕಾಲು ಘನ ಅಡಿ. ಲೀಟರಿಗೆ ತಿರುಗಿಸಿದರೆ ನೂರ ತೊಂಬತ್ತೊಂದು. ಕಲ್ಲು ಮಣ್ಣಿಗೆ ಮೂವತ್ತೊಂದು ಕಳೆದರೆ ನೂರ ಅರವತ್ತು. ಬ್ಯಾಕ್ಟೀರಿಯಾ ಕೊಲ್ಲುವ ಮಾತ್ರೆ ನಲವತ್ತು ಲೀಟರಿಗೆ ಒಂದು, ದಿನಕ್ಕೆ ನಾಲ್ಕು, ನಾಲ್ಕು ದಿನಕ್ಕೆ ಹದಿನಾರು. ಇರುವುದು ಒಂದೇ ದಿನವಾದ್ದರಿಂದ ಹದಿನಾರನ್ನೂ ಒಟ್ಟಿಗೆ.

ಬಸ್ ನಿಲ್ದಾಣದ ಬಳಿಯ ಔಷಧಿ ಅಂಗಡಿಯಲ್ಲಿ ನಿರ್ಮಲಮ್ಮ ಕನ್ನಡಕದ ಮೇಲಿನಿಂದ ಅವನನ್ನು ನೋಡಿದಳು.

"ಹದಿನಾರು ಮಾತ್ರೆ? ಒಂದೇ ದಿನಕ್ಕೆ? ಯಾರಿಗೆ ಹುಷಾರಿಲ್ಲ?"

"ಮೀನಿಗೆ, ಅಕ್ಕಾ."

"ಎಷ್ಟು ಮೀನು?"

"ಹನ್ನೊಂದು. ಆದರೆ ರೋಗ ಮೀನಿಗಲ್ಲ, ನೀರಿಗೆ. ಮೀನುಗಳು ಈಗ ಗಡಿಗೆಯಲ್ಲಿವೆ."

ನಿರ್ಮಲಮ್ಮ ಕನ್ನಡಕ ತೆಗೆದು ಒರೆಸಿಕೊಂಡಳು. ರೋಗಿ ಗಡಿಗೆಯಲ್ಲಿ, ಔಷಧಿ ತೊಟ್ಟಿಗೆ. ಮೂವತ್ತು ವರ್ಷಗಳ ವ್ಯಾಪಾರದಲ್ಲಿ ಇಂಥ ಚಿಕಿತ್ಸೆ ಅವಳು ಕೇಳಿರಲಿಲ್ಲ. "ಡಾಕ್ಟರ್ ಚೀಟಿ ಇಲ್ದೆ ಆ ಮಾತ್ರೆ ಕೊಡಲ್ಲ ಶ್ರೀನಾಥ. ಬೇಕಾದ್ರೆ ಗಾಯ ತೊಳಿಯೋ ನೊರೆ ಔಷಧಿ ತಗೊಂಡು ಹೋಗು. ಅದಕ್ಕೆ ಚೀಟಿ ಬೇಡ." ತಡೆದು, ದನಿ ತಗ್ಗಿಸಿ ಸೇರಿಸಿದಳು, "ಮನೇಲಿ ಎಲ್ಲ ಚೆನ್ನಾಗಿದಾರಲ್ಲ? ರಾತ್ರಿ ನಿದ್ರೆ ಬರ್ತದಾ ನಿಂಗೆ?"

ನೊರೆ ಔಷಧಿಯ ಹೆಸರೂ ಮೊಬೈಲಿನ ಪಟ್ಟಿಯಲ್ಲಿತ್ತು. ನಾಲ್ಕು ಲೀಟರಿಗೆ ಒಂದು ಮಿಲಿಲೀಟರು. ನೂರ ಅರವತ್ತಕ್ಕೆ ನಲವತ್ತು. ಶ್ರೀನಾಥ ಸಿರಿಂಜಿನಲ್ಲಿ ಅಳೆದು ಕಲ್ಲಿನ ಸಂದಿಗಳಿಗೆ ಬಿಟ್ಟ. ತೊಟ್ಟಿಯ ತುಂಬ ಗುಳ್ಳೆ ಎದ್ದವು. "ಸೋಡಾ ಆಯ್ತಲ್ಲ ಮಾರಾಯ್ರೆ! ನಿಂಬೆಹಣ್ಣು ತರ್ಲಾ?" ಎಂದಳು ವರದಮ್ಮ. ಅವನು ಸಿರಿಂಜು ತೊಳೆದಿಟ್ಟ. ಎರಡು ಪರಿಹಾರ ಮುಗಿದಿದ್ದವು, ಮೂರನೆಯದು ಕತ್ತಲೆ.

ಇಲ್ಲಿ ಅವನ ತ್ರೈರಾಶಿ ಪೂರ್ಣಪ್ರಮಾಣದಲ್ಲಿ ಅರಳಿತು. ಒಂದು ಕಂಬಳಿ ಹೊದಿಸಿದರೆ ಮೂರು ದಿನ, ಅಂದರೆ ಎಪ್ಪತ್ತೆರಡು ಗಂಟೆ. ಈಗ ಒಂದು ಗಂಟೆ. ಐದರವರೆಗೆ ನಾಲ್ಕು ಗಂಟೆ. ಎಪ್ಪತ್ತೆರಡನ್ನು ನಾಲ್ಕರಿಂದ ಭಾಗಿಸಿದರೆ ಹದಿನೆಂಟು. ಹದಿನೆಂಟು ಕಂಬಳಿ ಹೊದಿಸಿದರೆ ನಾಲ್ಕು ಗಂಟೆಯಲ್ಲಿ ಮೂರು ದಿನಗಳ ಕತ್ತಲೆ ತುಂಬುತ್ತದೆ.

ಕಂಬಳಿಗೆ ದೂರ ಹೋಗಬೇಕಾಗಿರಲಿಲ್ಲ. ಸುಗ್ಗಿ ಮುಗಿದ ಗದ್ದೆಗಳಲ್ಲಿ ಗೊಬ್ಬರಕ್ಕಾಗಿ ಕುರಿ ತರುಬಿ ಕೂಡಿಹಾಕಲು ಅಂಜನಾಪುರದ ಸಣ್ಣಬೀರಪ್ಪ ಪ್ರತಿವರ್ಷದಂತೆ ಬಂದಿದ್ದ. ಸಂಘದ ಹಿತ್ತಲಿನಾಚೆಯ ಗದ್ದೆಯಲ್ಲೇ ಅವನ ಮಂದೆ. ಹಿತ್ತಲಿನಲ್ಲಿ ಮೂರು ಅಗಲವಾದ ತಗಡಿನ ತಟ್ಟೆಗಳಿದ್ದವು. ಎರಡು ವರ್ಷಗಳ ಹಿಂದೆ ಉಜ್ಜಪ್ಪನವರು ಅವುಗಳಲ್ಲಿ ನೀರು ನಿಲ್ಲಿಸಿ ಏನನ್ನೋ ಬೆಳೆಸಹೊರಟು ಸೋತಿದ್ದರು. ಈಗ ವರದಮ್ಮ ಹಪ್ಪಳ ಒಣಗಿಸುತ್ತಿದ್ದಳು. ಶ್ರೀನಾಥ ಹಪ್ಪಳಗಳನ್ನು ದಾಟಿ ಹೋಗಿ ತನ್ನ ಬೇಡಿಕೆ ಹೇಳಿದ.

ಸಣ್ಣಬೀರಪ್ಪ ಕೋಲಿಗೆ ಗದ್ದ ಊರಿ ಪೂರ್ತಿ ಕೇಳಿದ.

"ಒಂದ್ ಕಂಬಳಿ ಮೂರ್ ದಿನದಾಗೆ ಮಾಡೋ ಕೆಲ್ಸ, ಹದಿನೆಂಟು ಕಂಬಳಿ ನಾಕ್ ತಾಸಿಗೆ ಮಾಡ್ತಾವಾ ಸಾಹೇಬ್ರ?"

"ಲೆಕ್ಕ ಹಾಗೆ ಹೇಳುತ್ತದೆ."

"ನಮ್ ಕುರಿ ಐದ್ ತಿಂಗ್ಳಿಗೆ ಮರಿ ಹಾಕತೈತ್ರಿ. ಐದು ಕುರಿ ಒಂದ್ಕಡೆ ಕಟ್ಟಿದ್ರೆ ಒಂದ್ ತಿಂಗ್ಳಿಗೆ ಹಾಕತಾವೇನ್ರಿ?"

ಶ್ರೀನಾಥ ಅರೆಕ್ಷಣ ನಿಂತ. ಆತ್ಮವಿಶ್ವಾಸಕ್ಕೆ ಅಷ್ಟು ಸಾಕಾಯಿತು. "ಅದು ಜೀವಶಾಸ್ತ್ರ ಸಣ್ಣಬೀರಪ್ಪ. ಇದು ಗಣಿತ. ಎರಡನ್ನೂ ಬೆರೆಸಬಾರದು."

"ಅದೂ ಖರೇನ ಬಿಡ್ರಿ," ಎಂದು ಸಣ್ಣಬೀರಪ್ಪ ನಕ್ಕ. ಅವನಲ್ಲೂ ಅವನ ಸಂಗಡಿಗರಲ್ಲೂ ಕೂಡಿ ಇದ್ದದ್ದು ಐದೇ ಕಂಬಳಿ. ಹದಿನೆಂಟರಲ್ಲಿ ಐದು ಹೋದರೆ ಹದಿಮೂರು ಕಡಿಮೆ. ಒಂದು ಕಂಬಳಿಗೆ ಎರಡು ಗೋಣಿಚೀಲ ಸಮವೆಂದು ನಿರ್ಧರಿಸಿ, ಶ್ರೀನಾಥ ಸಂಘದ ಗೋದಾಮಿನಿಂದ ಇಪ್ಪತ್ತಾರು ಚೀಲ ತರಿಸಿದ. ಒಂದೂವರೆ ಗಂಟೆಗೆಲ್ಲ ಕಾರ್ಯದರ್ಶಿಗಳ ಕೋಣೆಯಲ್ಲಿ ತೊಟ್ಟಿಯ ಬದಲು ಕರಿಯ ಗುಡ್ಡವೊಂದು ಎದ್ದಿತ್ತು. ಅರ್ಧ ಗಂಟೆ ತಡವಾದ ಕಾರಣ ಎರಡೂವರೆ ಕಂಬಳಿ ಹೆಚ್ಚಿಗೆ ಬೇಕಿತ್ತು. ಐದು ಚೀಲ ಮೇಲೆ ಒಗೆದು ಸರಿಪಡಿಸಿದ.

ಆದರೆ ಸಣ್ಣಬೀರಪ್ಪ ಹೊರಡಲಿಲ್ಲ. ಬಾಗಿಲ ಬಳಿ ಚಪ್ಪಲಿ ಬಿಟ್ಟು ಬಂದು ಗುಡ್ಡದೆದುರು ಚಕ್ಕಂಬಕ್ಕಳ ಹಾಕಿ ಕುಳಿತ. "ಐದು ಕರಿಕಂಬಳಿ ಒಂದ್ಕಡೆ ಹಾಸಿದ್ಮ್ಯಾಲೆ ಅದು ಗದ್ದುಗಿ ಆತ್ರಿ. ಕಾಯಿ ಒಡೀದೆ ಎತ್ತಂಗಿಲ್ಲ. ಚಪ್ಪಲಿ ಮೆಟ್ಟಿಕೊಂಡ್ ಯಾರೂ ಒಳಾಗ್ ಬರಂಗಿಲ್ಲ. ನಾ ಕಾಯ್ತೀನಿ."

ಕಾವಲು ದೊರೆತದ್ದು ಒಳ್ಳೆಯದೇ ಎನಿಸಿತು. ಅಷ್ಟರಲ್ಲಿ ವರದಮ್ಮ ಎರಡು ದಾಸವಾಳ ಹೂವಿಟ್ಟು, ಹಣತೆ ಹಚ್ಚಿ ತಂದಳು.

"ದೀಪ ಬೇಡ ವರದಮ್ಮ! ಬೆಳಕು ಬೀಳಬಾರದೆಂದೇ ಇಷ್ಟೆಲ್ಲ ಮಾಡಿದ್ದು!"

"ಗದ್ದುಗೆಗೆ ದೀಪ ಬೇಡ ಅಂದೋರನ್ನ ಇವತ್ತೇ ನೋಡಿದ್ದು," ವರದಮ್ಮನ ಮುಖ ಕೆಂಪಾಯಿತು. "ನಿಮಗೆ ವರ್ಗ ಆಗ್ಲಿ ಅಂತ ಹಚ್ಚಿದ್ದೆ. ಬೇಡದಿದ್ರೆ ಬಿಡಿ."

ಹಣತೆಯನ್ನು ಬಾಗಿಲಾಚೆ ಇಡುವುದೆಂದು ರಾಜಿಯಾಯಿತು. ಗೊಬ್ಬರ ಕೇಳಲು ಬಂದ ಸದಸ್ಯರು ದೀಪ ಕಂಡು ಚಪ್ಪಲಿ ಬಿಟ್ಟು, ಕಂಬಳಿ ಕಂಡು ಕೈಮುಗಿದು, ಗೊಬ್ಬರದ ಮಾತೆತ್ತದೆ ಹಿಂತಿರುಗಿದರು. ಸಂಘದ ಇತಿಹಾಸದಲ್ಲಿ ದೂರುಗಳಿಲ್ಲದ ಮಧ್ಯಾಹ್ನ ಅದೊಂದೇ.

ನಾಲ್ಕು ಗಂಟೆಗೆ ಕರಿಯಣ್ಣ ಮರಳಿದ. ಕೈಯಲ್ಲಿ ಖಾಲಿ ಬಕೆಟ್ಟು, ಜೇಬಿನಲ್ಲಿ ಮೈಲುತುತ್ತದ ಪೊಟ್ಟಣ.

"ಒಂದ್ಸಲ ತೆಗ್ದು ನೋಡಿ ಗುಮಾಸ್ತರೇ. ಸತ್ತಿತೋ ಇಲ್ಲೋ ತಿಳೀಬೇಕಲ್ಲ."

"ಹೊದಿಸಿ ಎರಡೂವರೆ ಗಂಟೆಯಷ್ಟೇ ಆಗಿದೆ. ಇನ್ನೂ ಒಂದು ಗಂಟೆ ಬೇಕು."

"ಐದಕ್ಕೆ ಸಾಹೇಬ್ರು ಬಾಗ್ಲಲ್ಲಿ ನಿಂತಾಗ ತೆಗ್ದು, ಇದ್ರೆ ಆಗ ಎಂತ ಮಾಡ್ತೀರಿ?"

ಈ ವಾದದಲ್ಲಿ ತಪ್ಪು ಸಿಗಲಿಲ್ಲ. ಸಣ್ಣಬೀರಪ್ಪ ಕಾಯಿ ಒಡೆದ. ಚೀಲಗಳು ಇಳಿದವು, ಕಂಬಳಿಗಳು ಇಳಿದವು. ಎಲ್ಲರೂ ಬಗ್ಗಿ ನೋಡಿದರು. ಹಿಂಬದಿಯ ಕಲ್ಲಿನ ಬುಡದಲ್ಲಿ, ನೂಲಿನೆಳೆಯಷ್ಟು, ನೀಲಿ ಹಸಿರು ಸಣ್ಣಗೆ ಅಲುಗುತ್ತಿತ್ತು.

ಶ್ರೀನಾಥನ ಕಣ್ಣ ಮುಂದೆ ಮುನ್ನೂರು ದಿನಗಳ ಬಸ್ಸು ಸಾಲಾಗಿ ಹಾದುಹೋಯಿತು.

"ಮೈಲುತುತ್ತ ಹಾಕಿದರೆ ಮೀನು..." ಎಂದು ಶುರುಮಾಡಿದ.

"ಮೀನು ಗಡಿಗೇಲಿ ಅದಾವಲ್ಲ," ಎಂದ ಕರಿಯಣ್ಣ.

ಇದರಲ್ಲೂ ತಪ್ಪು ಸಿಗಲಿಲ್ಲ. ಮೀನುಗಳನ್ನು ಗಡಿಗೆಯಲ್ಲಿ ಒಂದು ವಾರವಾದರೂ ಇರಿಸಬಹುದು. ನೀರನ್ನು ನಾಳೆ ಬದಲಾಯಿಸಬಹುದು. ಚಮಚ ತೊಟ್ಟಿಯೊಳಗೆ ಬಗ್ಗಿತು. ನೀರು ಮೊದಲು ಹಬ್ಬದ ಬಟ್ಟೆಗೆ ಹಾಕುವ ನೀಲಿಯಂತಾಗಿ, ಆಮೇಲೆ ತಿಳಿಯಾಯಿತು. ಐದಕ್ಕೆ ಹತ್ತು ನಿಮಿಷವಿರುವಾಗ ಶ್ರೀನಾಥ ಟಾರ್ಚು ಹಿಡಿದು ನಾಲ್ಕು ಮೂಲೆ, ಐದು ಕಲ್ಲು, ಹದಿಮೂರು ಗಿಡಗಳನ್ನೂ ಪರೀಕ್ಷಿಸಿದ. ಉಳಿದದ್ದು ಸೊನ್ನೆ. ಇಷ್ಟು ಚೊಕ್ಕ ಸೊನ್ನೆಯನ್ನು ಅವನು ಕಾಗದದ ಮೇಲೂ ಕಂಡಿರಲಿಲ್ಲ. ಗಾಜನ್ನು ಒರೆಸಿ, ತಲೆ ಬಾಚಿಕೊಂಡು, ತೊಟ್ಟಿಯ ಪಕ್ಕದಲ್ಲಿ ನಿಂತ.

ಕಾರು ಬಂತು. ಉಜ್ಜಪ್ಪನವರ ಹಿಂದೆ ಸಂಘಗಳ ಒಕ್ಕೂಟದ ಅಧ್ಯಕ್ಷ ಮಾರಪ್ಪನವರು, ಅವರ ಹಿಂದೆ ಕೈಯಲ್ಲಿ ಮುಚ್ಚಳದ ಗಾಜಿನ ಭರಣಿ ಹಿಡಿದ ತರುಣಿ. "ಇವರು ಡಾಕ್ಟರ್ ಸ್ಪಂದನ," ಎಂದರು ಉಜ್ಜಪ್ಪನವರು. ಅವರ ಮುಖದಲ್ಲಿ ಎಂದೂ ಇಲ್ಲದ ನಗುವಿತ್ತು. ವರದಮ್ಮ ವಾಡಿಕೆಯಂತೆ ಗಡಿಗೆಯಿಂದ ನೀರು ಮೊಗೆದು ಅಧ್ಯಕ್ಷರಿಗೆ ಕೊಡಲು ಹೋದಳು.

"ಬರ್ರಿ ಮೇಡಂ, ನೋಡ್ರಿ. ಎಂಟೇ ದಿನದಾಗೆ..." ಎನ್ನುತ್ತ ಉಜ್ಜಪ್ಪನವರು ತೊಟ್ಟಿಯತ್ತ ಕೈ ನೀಡಿದರು. ಕೈ ಅಲ್ಲಿಯೇ ನಿಂತಿತು. ನಗು ಮಾತ್ರ ಇಳಿಯಿತು.

"ಎಲ್ಲೋ ಅದು?"

"ಯಾವುದು ಸಾರ್?"

"ಪಾಚಿ!"

"ಪೂರ್ತಿ ತೆಗೆದಿದ್ದೇನೆ ಸಾರ್," ಶ್ರೀನಾಥನ ದನಿ ಗಂಟೆ ಬಾರಿಸಿದಂತಿತ್ತು. "ಒಂದೆಳೆ ಉಳಿದಿಲ್ಲ."

ಉಜ್ಜಪ್ಪನವರು ಗೋಣಿಚೀಲಗಳ ರಾಶಿಯ ಮೇಲೆ ಕುಳಿತುಬಿಟ್ಟರು. ಬಾಯಿ ತೆರೆದಾಗ, ಆರು ವರ್ಷಗಳಲ್ಲಿ ಆಡಿದ್ದಕ್ಕಿಂತ ಹೆಚ್ಚು ಮಾತು ಹೊರಟಿತು.

"ಗಾಳಿಯಾಗಿನ ಸಾರಜನಕ ಹಿಡಿದು ಭತ್ತಕ್ಕೆ ಉಣಿಸೋ ಪಾಚಿ ಐತಲ್ಲೋ, ನೀಲಿ ಹಸಿರು ಪಾಚಿ, ಅದನ್ನ ಬೆಳಸ್ಬೇಕು ಅಂತ ಹಿತ್ತಲ ತಟ್ಟಿಯಾಗೆ ಎರಡು ವರ್ಷ ಒದ್ದಾಡಿದೆ. ಒಂದ್ ವರ್ಷ ಬಾತುಕೋಳಿ ತಿಂದ್ವು, ಒಂದ್ ವರ್ಷ ಬಿಸಿಲಿಗೆ ಸುಟ್ಟೋತು. ಬ್ಯಾಡ ಅಂತ ಬಿಟ್ಟಾಗ ಈ ತೊಟ್ಟಿಯಾಗೆ ಹೆಬ್ಬೆಟ್ಟಷ್ಟು ತಾನಾಗೇ ಹುಟ್ತು. ಒಂದ್ ಎಳೆ ಒಯ್ದು ಕೃಷಿ ಕಾಲೇಜಿನ ಈ ಮೇಡಂಗೆ ತೋರ್ಸಿದೆ. ಇದು ಒಳ್ಳೆ ಜಾತಿ, ಬೆಳಸ್ರಿ, ಬೀಜಕ್ಕೆ ಒಯ್ತೀನಿ ಅಂದ್ರು. ದೀಪ ಹಾಕಿಸ್ದೆ. ಮೋಟರು ನಿಲ್ಲಿಸ್ದೆ. ಸೂಪರ್ ಫಾಸ್ಫೇಟ್ ಪುಡಿ ಕೊಟ್ಟೆ. ಕೈ ಹಾಕಬ್ಯಾಡ ಅಂತ ಬರದೆ. ಶಿಕಾರಿಪುರದ ಶಾಖೆ ಅಂದ್ರೆ ಏನಂತ ತಿಳಿದೀಯೋ? ಪಾಚಿ ಘಟಕ! ಯಾರನ್ನ ಹಾಕ್ಲಿ ಅಂತ ಅಧ್ಯಕ್ಷರು ಕೇಳಿದ್ರು. ನಮ್ ಶ್ರೀನಾಥ, ಹೇಳಿದ್ದಷ್ಟೇ ಮಾಡೋ ಮನುಷ್ಯ ಅಂದೆ!"

"ಒಂದು ಮಾತು ಹೇಳಬಹುದಿತ್ತಲ್ಲ ಸಾರ್," ಎಂದ ಶ್ರೀನಾಥ. ಗಂಟೆಯ ನಾಲಿಗೆ ಬಿದ್ದುಹೋಗಿತ್ತು.

"ಹೇಳಿದ್ರೆ ಊರೋರೆಲ್ಲ ಸೇರಿ ಒಂದೊಂದು ಸಲಹೆ ಕೊಟ್ಟು ಕೆಡಸ್ತಾರೆ ಅಂತ ಹೇಳ್ಲಿಲ್ಲ!"

ಊರವರು ನೆಲ ನೋಡಿದರು. ಅದೇ ಕ್ಷಣದಲ್ಲಿ ಅಧ್ಯಕ್ಷ ಮಾರಪ್ಪನವರು ಲೋಟವನ್ನು ಬಾಯಿಂದ ದೂರ ಹಿಡಿದು, "ಇದ್ರಾಗೆ ಮೀನೈತಲ್ರೀ!" ಎಂದರು. ವರದಮ್ಮ ಮೀನನ್ನು ಬೆರಳಿನಿಂದೆತ್ತಿ ಗಡಿಗೆಗೆ ಹಾಕಿ, ಅದೇ ಲೋಟವನ್ನು ಮತ್ತೆ ಮುಂದೆ ಹಿಡಿದಳು.

ಸ್ಪಂದನ ತೊಟ್ಟಿಯ ಪಕ್ಕದ ಚಮಚಕ್ಕೆ ಅಂಟಿದ್ದ ನೀಲಿ ಹರಳುಗಳನ್ನು ನೋಡಿ, "ಮೈಲುತುತ್ತ. ಇದರಲ್ಲಿ ಇನ್ನು ಏನೂ ಬದುಕಿರಲ್ಲ," ಎಂದಳು. "ಕೈಯಲ್ಲಿ ತೆಗೆದದ್ದು ಇರಬೇಕಲ್ಲ? ಎಲ್ಲಿ ಚೆಲ್ಲಿದ್ರಿ?"

"ಚೆಲ್ಲಿಲ್ಲ ತಾಯಿ," ಕರಿಯಣ್ಣ ಖಾಲಿ ಬಕೆಟ್ಟನ್ನು ಪದಕದಂತೆ ಎತ್ತಿ ಹಿಡಿದ. "ಬೆಳಗ್ಗೆನೇ ಒಯ್ದು ಜಡೇಲಿ ನನ್ನ ಸಸಿಮಡಿಗೆ ಸುರುವೀನಿ. ನಾನು ಬರೋವಾಗ ಬಿಸಿಲಿಗೆ ಹಾಳೆಯಂಗೆ ತೇಲ್ತಾ ಇತ್ತು. ಈ ಔಷಧಿ ಗಿವ್ಷಧಿ ಬೀಳೋಕೆ ಮೊದ್ಲೇ ಒಯ್ದದ್ದು."

ಶ್ರೀನಾಥನಿಗೆ ಉಸಿರು ಮರಳಿತು. ಉಸಿರಿನೊಡನೆ ಆತ್ಮವಿಶ್ವಾಸವೂ ಮರಳಿತು. "ನೋಡಿ ಸಾರ್! ಸುರಕ್ಷಿತವಾಗಿದೆ. ನಾನೇ ಸ್ವತಃ ಕೈಯಿಂದ ತೆಗೆದು, ಇವರ ಬಕೆಟ್ಟಿಗೆ ತುಂಬಿ ಕಳುಹಿಸಿದ್ದು. ನಾಳೆಯೇ ಶಿಕಾರಿಪುರಕ್ಕೆ ಸಾಗಿಸಿದರೆ..."

ಎಲ್ಲರೂ ಕಾರು ಹತ್ತಿ ಜಡೆಗೆ ಹೋದರು. ಶ್ರೀನಾಥ ಕರಿಯಣ್ಣನ ಬೈಕಿನ ಹಿಂದೆ ಕುಳಿತ. ಸಸಿಮಡಿಯ ತೆಳುವಾದ ನೀರಿನ ಮೇಲೆ ಅದು ಹರಡಿಕೊಂಡಿತ್ತು. ತೊಟ್ಟಿಯಲ್ಲಿದ್ದುದಕ್ಕಿಂತ ಸುಖವಾಗಿ, ತವರಿಗೆ ಬಂದಂತೆ. ಸ್ಪಂದನ ಭರಣಿ ತುಂಬಿಕೊಂಡಳು. ಬಗ್ಗಿ, ಬೆರಳಾಡಿಸಿ ನೋಡಿ ಎದ್ದಳು.

"ತುಂಬ ಚೆನ್ನಾಗಿದೆ. ಆದ್ರೆ ಇದನ್ನ ಇನ್ನೊಂದು ಸಲ ಕದಲಿಸಬಾರದು. ಒಂದೇ ದಿನದಲ್ಲಿ ಸಾಕಷ್ಟು ಅನುಭವಿಸಿದೆ. ನೀರು, ಬಿಸಿಲು ಎಲ್ಲ ಇಲ್ಲೇ ಇದೆ. ಘಟಕ ಇಲ್ಲೇ ಆಗ್ಲಿ."

ಅಧ್ಯಕ್ಷರು ಒಪ್ಪಿ ತಲೆಯಾಡಿಸಿದರು. ಕರಿಯಣ್ಣನನ್ನು ಘಟಕದ ಮೇಲ್ವಿಚಾರಕನನ್ನಾಗಿ ಅಲ್ಲಿಯೇ ನೇಮಿಸಿದರು. ಉಜ್ಜಪ್ಪನವರು ಕಿಸೆಯಿಂದ ಕಾಗದ ತೆಗೆದರು. ಕಾರಿನ ಮೇಲಿಟ್ಟು, ಪೆನ್ನಿನಿಂದ 'ಶಿಕಾರಿಪುರ' ಎಂಬುದನ್ನು ಹೊಡೆದುಹಾಕಿ 'ಜಡೆ' ಎಂದು ಬರೆದು, ಕೆಳಗೆ ಸಹಿ ಮಾಡಿದರು.

"ಮನುಷ್ಯ ಅವನೇ ಇರ್ಲಿ," ಎಂದರು. "ಈ ಪಾಚಿ ಹೆಂಗೆ ಸಾಯ್ತೈತಿ ಅನ್ನೋದು ಈ ತಾಲ್ಲೂಕಿನಾಗೆ ಇವನೊಬ್ಬನಿಗೇ ಪೂರ್ತಿ ಗೊತ್ತಿರೋದು. ಕಾಯೋಕೆ ಇವನೇ ಸರಿ. ಹಾಜರಿ ಪುಸ್ತಕ ಮಾತ್ರ ಸೊರಬದಾಗೇ ಇರ್ತೈತಿ. ಬೆಳಗ್ಗೆ ಅಲ್ಲಿ ಸಹಿ ಹಾಕಿ, ಜಡೆಗೆ ಬಾ."

"ಬೆಳಗ್ಗೆ ಬೇಗ ಬನ್ನಿ ಗುಮಾಸ್ತರೇ," ಎಂದ ಮೇಲ್ವಿಚಾರಕ ಕರಿಯಣ್ಣ. "ನೀರು ಕಟ್ಟೋಕೆ ನಾನೊಬ್ನೇ ಆಗ್ತೀನಿ. ಮತ್ತೆ ಬರೋವಾಗ ಸಂಘದ ಚಹಾ ಚರಟ ಮರೀಬೇಡಿ."

ಸೊರಬದ ನಿಲ್ದಾಣದಲ್ಲಿ ಶಿರಾಳಕೊಪ್ಪದ ಬಸ್ಸು ಹೊರಡಲು ಇನ್ನೂ ಹೊತ್ತಿತ್ತು. ಕಂಬಳಿಗಳನ್ನು ಹೆಗಲಿಗೆ ಹಾಕಿಕೊಂಡು ಅಡ್ಡ ಬಂದ ಸಣ್ಣಬೀರಪ್ಪ, ಸುದ್ದಿ ಕೇಳಿ, ಅವುಗಳಲ್ಲಿ ಒಂದನ್ನು ತೆಗೆದು, ಕಟ್ಟೆಯ ಮೇಲೆ ಕುಳಿತಿದ್ದ ಶ್ರೀನಾಥನ ತೊಡೆಯ ಮೇಲಿಟ್ಟ. "ಇಟ್ಕಳ್ರಿ ಸಾಹೇಬ್ರ. ಜಡೆ ಕಡೆ ಮುಂಜಾನಿ ಬಸ್ಸು ಬಾಳ ಥಂಡಿ. ಒಂದ್ ಸಾಕು. ಹದಿನೆಂಟು ಬ್ಯಾಡ."

ಶ್ರೀನಾಥ ಬಸ್ಸು ಹತ್ತಿ, ಕಂಬಳಿ ಹೊದ್ದು ಕಿಟಕಿಯ ಪಕ್ಕ ಕುಳಿತ. ಅಭ್ಯಾಸಬಲದಿಂದ ಮನಸ್ಸು ತಾನಾಗಿಯೇ ತ್ರೈರಾಶಿ ಹೂಡಿತು. ಎರಡು ಬಸ್ಸಿಗೆ ಎರಡು ಗಂಟೆಯಾದರೆ, ಮೂರು ಬಸ್ಸಿಗೆ ಎಷ್ಟು?

ಆ ದಿನದ ಲೆಕ್ಕಗಳಲ್ಲಿ ತಪ್ಪಿಲ್ಲದ್ದು ಅದೊಂದೇ.